ಮೃಗಾಲಯದಲ್ಲಿ ಬೆಳೆದ ಮರಿ ಹೊಳೆಯಲ್ಲಿ ಬದುಕುತ್ತಾ?

ಪ್ರಶ್ನೆ: ರಜೆಯಲ್ಲಿ ಮಗಳನ್ನು ಮೈಸೂರು ಮೃಗಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಉದ್ದ ಮೂತಿಯ ಘರಿಯಲ್ ಮೊಸಳೆಯ ಮುಂದೆ ಅರ್ಧ ಗಂಟೆ ನಿಂತುಬಿಟ್ಟಳು. ಇದು ಅಳಿವಿನ ಅಂಚಿನಲ್ಲಿರುವ ಪ್ರಾಣಿ ಎಂದು ಹೇಳಿದೆ. "ಹಾಗಾದ್ರೆ ಇಲ್ಲೇ ಮರಿ ಮಾಡಿಸಿ ಹೊಳೆಗೆ ಬಿಡಬಹುದಲ್ವಾ?" ಎಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ಮೃಗಾಲಯದವರು ನಿಜಕ್ಕೂ ಹೀಗೆ ಮಾಡುತ್ತಾರಾ? ತೊಟ್ಟಿಯಲ್ಲಿ ಬೆಳೆದದ್ದು ಹೊರಗೆ ಬದುಕುತ್ತದಾ? ಇನ್ನೊಂದು ಚಿಕ್ಕ ಪ್ರಶ್ನೆ. ಅಲ್ಲಿದ್ದ ಒಂದು ಘರಿಯಲ್‌ಗೆ ಮೂಗಿನ ತುದಿಯಲ್ಲಿ ಗಂಟು ಇತ್ತು, ಉಳಿದವಕ್ಕೆ ಇರಲಿಲ್ಲ. ಅದೇನು ಕಾಯಿಲೆಯಾ?

ಉತ್ತರ: ನಿಮ್ಮ ಮಗಳಿಗೆ ಹೊಳೆದದ್ದು ಐವತ್ತು ವರ್ಷದ ಹಿಂದೆ ನಮ್ಮ ಸರ್ಕಾರಕ್ಕೂ ಹೊಳೆದಿತ್ತು. ಹಾಗೇ ಮಾಡಿದರು ಕೂಡ. ಸಾವಿರಾರು ಘರಿಯಲ್ ಮರಿಗಳನ್ನು ಬೆಳೆಸಿ ನದಿಗಳಿಗೆ ಬಿಟ್ಟರು. ಚಂಬಲ್ ನದಿಯಲ್ಲಿ ಅವು ಉಳಿದವು. ಮಹಾನದಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಮಾಯವಾದವು. ಅದೇ ಮೊಸಳೆ, ಅದೇ ಸಾಕಣೆ. ಮತ್ತೆ ಯಾಕೆ ಹೀಗಾಯಿತು?

ಅದನ್ನು ಹೇಳುವ ಮೊದಲು ನಿಮ್ಮನ್ನು ಸ್ವಲ್ಪ ದೂರ, ಜಮೈಕಾಗೆ ಕರೆದುಕೊಂಡು ಹೋಗಬೇಕು. ಮೃಗಾಲಯದವರು ಒಂದು ಸರೀಸೃಪವನ್ನು ಕಾಡಿನಲ್ಲಿ ಉಳಿಸಿದ ಕತೆ ಹೇಳಿ ಎಂದು ಯಾರೇ ಕೇಳಲಿ, ನಾನು ಮೊದಲು ಹೇಳುವುದು ಅಲ್ಲಿನ ಇಗ್ವಾನಾ ಕತೆಯನ್ನೇ. ಅದರಲ್ಲಿ ನಮ್ಮ ದೇಶದ್ದೂ ಒಂದು ಪಾಲಿದೆ. ಹೆಮ್ಮೆ ಪಡುವ ಪಾಲಲ್ಲ.

ಜಮೈಕಾದ ಕಬ್ಬಿನ ತೋಟಗಳಲ್ಲಿ ಆಗ ಇಲಿ ಕಾಟ ವಿಪರೀತ. 1872ರಲ್ಲಿ ಎಸ್ಪ್ಯೂಟ್ ಎಂಬ ತೋಟದ ಮಾಲೀಕ ಕಲ್ಕತ್ತಾದಿಂದ 9 ಮುಂಗುಸಿ ತರಿಸಿ ಬಿಟ್ಟ. 4 ಗಂಡು, 5 ಹೆಣ್ಣು. ಇಲಿ ಬಂತು ಅಂತ ಮನೆಗೆ ಬೆಂಕಿ ಇಟ್ಟ ಹಾಗಾಯಿತು. ಮುಂಗುಸಿ ಹಗಲು ಓಡಾಡುವ ಪ್ರಾಣಿ, ಇಲಿ ಹೊರಡುವುದು ಜಾಸ್ತಿ ರಾತ್ರಿ. ಮುಂಗುಸಿ ಇಲಿಯನ್ನು ತಿನ್ನಲೇ ಇಲ್ಲ ಎಂದಲ್ಲ. ಆದರೆ ಹಗಲು ಹೊತ್ತಿನಲ್ಲಿ ಸುಲಭವಾಗಿ ಸಿಗುವ ಮೊಟ್ಟೆ, ಹಕ್ಕಿಮರಿ, ಹಲ್ಲಿ, ಹಾವು ಇರುವಾಗ ಇಲಿಗೆ ಯಾಕೆ ಕಾಯಬೇಕು? ಎರಡು ದಶಕ ತುಂಬುವಷ್ಟರಲ್ಲಿ ದ್ವೀಪವೆಲ್ಲ ಮುಂಗುಸಿ ತುಂಬಿ, ಅದನ್ನು ತರಿಸಿಕೊಂಡವರೇ ಶಾಪ ಹಾಕತೊಡಗಿದರು.

ಜಮೈಕಾದ ಇಗ್ವಾನಾ ಅಂದರೆ ನಮ್ಮ ಉಡದಷ್ಟು ದೊಡ್ಡ, ಬೆನ್ನ ಮೇಲೆ ಗರಗಸದಂಥ ಮುಳ್ಳುಸಾಲು ಇರುವ, ಸೊಪ್ಪು ಹಣ್ಣು ತಿನ್ನುವ ಪ್ರಾಣಿ. ಆ ದ್ವೀಪದಲ್ಲೇ ಹುಟ್ಟಿ ಬೆಳೆದ ನೆಲಪ್ರಾಣಿಗಳಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಲಕ್ಷಾಂತರ ವರ್ಷ ಮುಂಗುಸಿಯ ವಾಸನೆಯೇ ಗೊತ್ತಿಲ್ಲದೆ ಬದುಕಿದ ಜಾತಿ ಇದು. ಮರಿಗಳಿಗೆ ಓಡಬೇಕು ಎಂಬುದೂ ತಿಳಿಯಲಿಲ್ಲ. 1940ರ ದಶಕದ ಹೊತ್ತಿಗೆ ದಡದಾಚೆಯ ಗೋಟ್ ದ್ವೀಪಗಳಲ್ಲಿ ಕೊನೆಯ ಕೆಲವನ್ನು ಕಂಡವರಿದ್ದರು. ಆಮೇಲೆ ಅದೂ ಇಲ್ಲ. ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡರು.

1990ರಲ್ಲಿ ಒಬ್ಬ ಕಾಡುಹಂದಿ ಬೇಟೆಗಾರನ ನಾಯಿ ಹೆಲ್‌ಶೈರ್ ಬೆಟ್ಟಗಳಲ್ಲಿ ಏನನ್ನೋ ಹಿಡಿಯಿತು. ಆತ ಅದನ್ನು ನಾಯಿಯ ಬಾಯಿಂದ ಬಿಡಿಸಿ ನೋಡಿದ. ಇಗ್ವಾನಾ, ಜೀವ ಇತ್ತು. ಮನೆಗೆ ಒಯ್ದು ಸಾರು ಮಾಡಬಹುದಿತ್ತು. ಆತ ಕಿಂಗ್‌ಸ್ಟನ್‌ನ ಹೋಪ್ ಮೃಗಾಲಯಕ್ಕೆ ತಂದುಕೊಟ್ಟ. ನನ್ನ ಪ್ರಕಾರ ಈ ಇಡೀ ಕತೆಯಲ್ಲಿ ಅತಿ ದೊಡ್ಡ ಕೆಲಸ ಮಾಡಿದ್ದು ಆ ಮನುಷ್ಯನೇ. ನಾವು ತಜ್ಞರೆಲ್ಲ ಆಮೇಲೆ ಬಂದವರು.

ಹೆಲ್‌ಶೈರ್‌ನಲ್ಲಿ ಹುಡುಕಿದಾಗ ಇನ್ನೂ ಒಂದಿಷ್ಟು ಉಳಿದಿರುವುದು ಗೊತ್ತಾಯಿತು. ಆ ಜಾಗ ರಾಜಧಾನಿಯಿಂದ ದೂರವೇನಿಲ್ಲ, ಆದರೆ ಕಾಲಿಡುವುದು ಕಷ್ಟ. ನೆಲವೆಲ್ಲ ಸುಣ್ಣಕಲ್ಲು, ಕಲ್ಲೆಲ್ಲ ಬ್ಲೇಡು. ಬೂಟಿನ ಅಟ್ಟೆ ಹರಿದುಹೋಗುತ್ತದೆ. ಕುಡಿಯುವ ನೀರು ಹೊತ್ತುಕೊಂಡೇ ಹೋಗಬೇಕು. ಇಗ್ವಾನಾ ಉಳಿದದ್ದೂ ಅದಕ್ಕೇ ಇರಬೇಕು. ಇದ್ದಿಲು ಸುಡುವವರು ಅಂಚಿನಿಂದ ಕಾಡು ಕಡಿಯುತ್ತಾ ಬಂದಿದ್ದರು, ನಡುಭಾಗಕ್ಕೆ ಇನ್ನೂ ತಲುಪಿರಲಿಲ್ಲ.

ಕಲ್ಲುಕಾಡಿನಲ್ಲಿ ಇನ್ನೊಂದು ತೊಂದರೆ ಇದೆ. ಮೊಟ್ಟೆ ಇಡಲು ಮಣ್ಣು ಬೇಕು, ಮಣ್ಣೇ ಇಲ್ಲ. ಹುಡುಕಿದವರಿಗೆ ಸಿಕ್ಕಿದ್ದು ಎರಡೇ ಎರಡು ಮಣ್ಣಿನ ತುಂಡು. ಸುತ್ತಲಿನ ಹೆಣ್ಣುಗಳೆಲ್ಲ ಜೂನ್ ಹೊತ್ತಿಗೆ ಅಲ್ಲಿಗೇ ಬರಬೇಕು. ಬಿಲ ತೋಡಲು ಜಗಳ, ಒಂದರ ಗೂಡನ್ನು ಇನ್ನೊಂದು ಅಗೆಯುವುದು, ಎಲ್ಲ ನಡೆಯುತ್ತದೆ. ಆದರೆ ಕಾಯುವವರಿಗೆ ಇದು ಅನುಕೂಲವೇ ಆಯಿತು. ಎರಡು ತುಂಡು ಜಾಗ ಕಾದರೆ ಇಡೀ ಜಾತಿಯ ಮರಿಗಳನ್ನು ಕಾದ ಹಾಗೆ. 1991ರಲ್ಲಿ ಅಲ್ಲಿಗೆ ಬಂದ ತಾಯಿಗಳು ಹತ್ತೂ ಇರಲಿಲ್ಲ.

ಮೊಟ್ಟೆ ಬಿರಿಯುತ್ತಿದ್ದವು, ಮರಿ ಹೊರಬರುತ್ತಿದ್ದವು. ದೊಡ್ಡವು ಮಾತ್ರ ಕಾಣುತ್ತಿದ್ದವು, ನಡುವಯಸ್ಸಿನವು ಒಂದೂ ಇಲ್ಲ. ಮುದುಕರೂ ಹಸುಗೂಸುಗಳೂ ಇದ್ದು, ಶಾಲೆಗೆ ಹೋಗುವ ಮಕ್ಕಳೇ ಇಲ್ಲದ ಊರಿನ ಹಾಗೆ. ಮುಂಗುಸಿ ಎಲ್ಲವನ್ನೂ ಮುಗಿಸುತ್ತಿತ್ತು. ಆದರೆ ಒಂದು ಸಂಗತಿ ಗಮನಿಸಿ. ಅದು ಅರ್ಧ ಕೆಜಿ ತೂಗುವ ಸಣ್ಣ ಜಾತಿಯ ಮುಂಗುಸಿ. ಮರಿಯನ್ನು ತಿನ್ನುತ್ತದೆ, ಬೆಳೆದ ಇಗ್ವಾನಾ ತಂಟೆಗೆ ಹೋಗುವುದಿಲ್ಲ.

ಅಲ್ಲಿಗೆ ಮೃಗಾಲಯಕ್ಕೆ ಕೆಲಸ ಸಿಕ್ಕಿತು. ಭತ್ತ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಗೆಮಡಿಯಲ್ಲಿ ಸಸಿ ಬೆಳೆಸಿ, ಬಲಿತ ಮೇಲೆ ಗದ್ದೆಗೆ ನಾಟಿ ಮಾಡುತ್ತೇವಲ್ಲ, ಅಷ್ಟೇ. ಗೂಡಿನ ಜಾಗದ ಸುತ್ತ ತಗಡಿನ ಬೇಲಿ ಹಾಕಿದರು. ಸೆಪ್ಟೆಂಬರ್ ಹೊತ್ತಿಗೆ ಮರಿಗಳು ಮಣ್ಣಿನಿಂದ ಮೇಲೆ ಬರುವಾಗ ಜನ ಅಲ್ಲೇ ಬಿಡಾರ ಹೂಡಿ ಕಾದರು. ಒಂದಷ್ಟು ಮರಿಗಳನ್ನು ಬಟ್ಟೆಚೀಲದಲ್ಲಿ ಹಾಕಿ, ಆ ಬ್ಲೇಡು ಕಲ್ಲಿನ ಮೇಲೆ ನಡೆದು, ಹೋಪ್ ಮೃಗಾಲಯಕ್ಕೆ ತಂದರು. ಅಲ್ಲಿ ಕೀಪರ್‌ಗಳು ನಾಲ್ಕೈದು ವರ್ಷ, ಕೆಲವನ್ನು ಇನ್ನೂ ಜಾಸ್ತಿ ದಿನ, ಸೊಪ್ಪು ಹಣ್ಣು ಕೊಟ್ಟು ಬೆಳೆಸಿದರು. ಮುಂಗುಸಿಯ ಬಾಯಿಗೆ ಹಿಡಿಸದಷ್ಟು ದೊಡ್ಡದಾದ ಮೇಲೆ, 1996ರಿಂದ, ಅದೇ ಬೆಟ್ಟಕ್ಕೆ ವಾಪಸ್ ಬಿಡತೊಡಗಿದರು.

ಕೇಳಲು ಸುಲಭ. ಹಣ, ಗೂಡು, ವೈದ್ಯರು ಯಾವುದೂ ಬೇಕಾದಷ್ಟು ಇರಲಿಲ್ಲ. ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಸಂಶೋಧಕರು ಕಾಡಿನ ಕೆಲಸ ನೋಡಿಕೊಂಡರು. ಮೃಗಾಲಯದ ಕಡೆಯಿಂದ ಅಮೆರಿಕದವರು ಕೈಜೋಡಿಸಿದರು. ಟೆಕ್ಸಸ್‌ನ ಫೋರ್ಟ್ ವರ್ತ್ ಮೃಗಾಲಯದ ರಿಕ್ ಹಡ್ಸನ್ ಇದನ್ನು ದಶಕಗಳ ಕಾಲ ಹಿಡಿದುಕೊಂಡು ಬಂದವರು. 2001ರಲ್ಲಿ ಇಗ್ವಾನಾಗಳಿಗಾಗಿಯೇ ಒಂದು ಅಂತರರಾಷ್ಟ್ರೀಯ ಪ್ರತಿಷ್ಠಾನ ಕಟ್ಟಿದರು. ಸ್ಯಾನ್ ಡಿಯೇಗೊ ಮೃಗಾಲಯದಿಂದಲೂ ಜನ ಬಂದರು. ಕೀಪರ್‌ಗಳು ಕಾಡಿಗೆ ಹೋಗಿ ಮಾಡುವುದೇನು ಎಂಬ ಕುತೂಹಲ ನಿಮಗಿರಬಹುದು. ಹೆಚ್ಚಿನದು ಬೇಜಾರಿನ ಕೆಲಸ. ಪ್ರತಿಯೊಂದನ್ನೂ ಹಿಡಿದು ತೂಗುವುದು, ಮೂತಿಯಿಂದ ಬಾಲದ ಬುಡದವರೆಗೆ ಅಳೆಯುವುದು, ರಕ್ತ ತೆಗೆಯುವುದು, ಗುರುತಿಗೆ ಅಕ್ಕಿಕಾಳಿನಷ್ಟು ಎಲೆಕ್ಟ್ರಾನಿಕ್ ಚಿಪ್ ಒಂದನ್ನು ಚರ್ಮದಡಿ ಸೇರಿಸುವುದು, ಪುಸ್ತಕದಲ್ಲಿ ಬರೆಯುವುದು. ಇಗ್ವಾನಾ ಕಚ್ಚುತ್ತದೆ, ಬಾಲದಲ್ಲಿ ಬಾರಿಸುತ್ತದೆ, ಮೈಮೇಲೆ ಗಲೀಜು ಮಾಡುತ್ತದೆ. ಅದನ್ನು ಗಾಯ ಮಾಡದೆ ಹಿಡಿಯುವುದು ಹೇಗೆ ಎಂಬುದು ಪುಸ್ತಕ ಓದಿ ಬರುವ ವಿದ್ಯೆ ಅಲ್ಲ. ಇಪ್ಪತ್ತು ವರ್ಷ ಬೋನು ತೊಳೆದ ಕೈಗೆ ಅದು ಗೊತ್ತಿರುತ್ತದೆ.

ರಕ್ತ ಯಾಕೆ ತೆಗೆಯುತ್ತಾರೆ? ಮೃಗಾಲಯದಲ್ಲಿ ಹತ್ತು ಕಡೆಯ ಪ್ರಾಣಿ ಒಟ್ಟಿಗೆ ಇರುತ್ತವೆ. ಅಲ್ಲಿ ಅಂಟಿದ ರೋಗ ಹಿಡಿದುಕೊಂಡು ಒಂದು ಮರಿ ಕಾಡಿಗೆ ಹೋದರೆ, ಉಳಿದಿರುವ ಬೆರಳೆಣಿಕೆಯವನ್ನೂ ಮುಗಿಸಿಬಿಡಬಹುದು. ಉಪಕಾರ ಮಾಡಲು ಹೋಗಿ ಕೊಲೆ ಮಾಡಿದ ಹಾಗೆ. ಆದ್ದರಿಂದ ಪರೀಕ್ಷೆಯಲ್ಲಿ ಪಾಸಾದವಕ್ಕೆ ಮಾತ್ರ ಬಿಡುಗಡೆ.

ಜೊತೆಗೆ 1990ರ ದಶಕದ ಕೊನೆಯಿಂದ ಗೂಡಿನ ಜಾಗದ ಸುತ್ತ ಮುಂಗುಸಿಗೆ ಬೋನು ಇಡತೊಡಗಿದರು. ಬೆಳೆದ ಇಗ್ವಾನಾಗೆ ಮುಂಗುಸಿಯ ಭಯ ಇಲ್ಲದಿದ್ದರೂ ಹಂದಿ ಬೇಟೆಯ ನಾಯಿಗಳ ಭಯ ಇದ್ದೇ ಇದೆ. ಇಗ್ವಾನಾವನ್ನು ಜಗತ್ತಿಗೆ ತೋರಿಸಿಕೊಟ್ಟದ್ದೂ ನಾಯಿ, ಕೊಲ್ಲುವುದೂ ನಾಯಿ. ಅದಕ್ಕೆ ಕಾವಲು ಬೇಕು. ಇಷ್ಟೆಲ್ಲ ಮಾಡಿದ ಮೇಲೆ ಫಲ ಕಂಡಿತು. ಮೃಗಾಲಯದಲ್ಲಿ ಬೆಳೆದ ಹೆಣ್ಣುಗಳೇ ಆ ಎರಡು ಮಣ್ಣಿನ ತುಂಡಿಗೆ ಬಂದು ಮೊಟ್ಟೆ ಇಟ್ಟವು. ಅವಕ್ಕೆ ಯಾರೂ ದಾರಿ ತೋರಿಸಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಗೂಡು ಮಾಡುವ ತಾಯಿಗಳ ಸಂಖ್ಯೆ 6 ಪಟ್ಟಿಗೂ ಮೀರಿತು.

ತೊಟ್ಟಿಯಲ್ಲಿ ಬೆಳೆದದ್ದು ಹೊರಗೆ ಬದುಕುತ್ತದಾ ಎಂದು ಕೇಳಿದಿರಲ್ಲ, ಅದಕ್ಕೆ ಉತ್ತರವೂ ಇದರಲ್ಲೇ ಇದೆ. ಹುಲಿಮರಿಗೆ ಬೇಟೆಯನ್ನು ತಾಯಿ ಕಲಿಸಬೇಕು. ಆನೆಮರಿಗೆ ಇಡೀ ಹಿಂಡು ಕಲಿಸಬೇಕು. ಇಗ್ವಾನಾ, ಆಮೆ, ಹಾವು, ಮೊಸಳೆಗೆ ಹೊಟ್ಟೆ ಹೊರೆಯುವ ವಿದ್ಯೆ ಹುಟ್ಟಿನಿಂದಲೇ ಬರುತ್ತದೆ. ಘರಿಯಲ್ ಮರಿ ಮೊಟ್ಟೆಯಿಂದ ಬಂದ ಕೆಲವೇ ದಿನದಲ್ಲಿ ಚಿಕ್ಕ ಮೀನಿಗೂ ಹುಳುವಿಗೂ ಬಾಯಿ ಹಾಕುತ್ತದೆ, ಯಾರೂ ಹೇಳಿಕೊಡದೆ. ಹಾಗಾಗಿ ಸಾಕಿ ಬಿಡುವ ಕೆಲಸ ಸರೀಸೃಪಗಳಿಗೆ ಒಗ್ಗಿದಷ್ಟು ಹುಲಿ ಚಿರತೆಗಳಿಗೆ ಒಗ್ಗುವುದಿಲ್ಲ.

ಈಗ ನಮ್ಮ ಮಹಾನದಿಗೆ ಬರೋಣ.

1970ರ ದಶಕದಲ್ಲಿ ಭಾರತದ ಘರಿಯಲ್‌ಗಳ ಸ್ಥಿತಿ ತೀರಾ ಹದಗೆಟ್ಟಿತ್ತು. ಬೆಳೆದವು ಇಡೀ ದೇಶದಲ್ಲಿ 200 ಕೂಡ ಇಲ್ಲ ಎಂಬ ಲೆಕ್ಕ. 1975ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಮೊಸಳೆ ಯೋಜನೆ ಶುರುವಾಯಿತು. ನದಿ ದಂಡೆಯ ಮರಳಿನಿಂದ ಮೊಟ್ಟೆ ತಂದು, ಕಾವು ಕೊಟ್ಟು, ಮರಿಗಳನ್ನು ಸುಮಾರು ನಾಲ್ಕು ಅಡಿ ಆಗುವವರೆಗೆ ಸಾಕಿ ಬಿಡುವುದು. ಒಡಿಶಾದ ಟಿಕರಪಾಡ, ಲಖನೌ ಪಕ್ಕದ ಕುಕ್ರೈಲ್, ಹೀಗೆ ಕೇಂದ್ರಗಳು ಎದ್ದವು. ಮದ್ರಾಸಿನ ಹತ್ತಿರ ರೋಮುಲಸ್ ವಿಟೇಕರ್ ಮತ್ತು ಜೊತೆಗಾರರು 1976ರಲ್ಲಿ ಮೊಸಳೆ ಬ್ಯಾಂಕ್ ಕಟ್ಟಿದರು.

ಭುವನೇಶ್ವರದ ನಂದನಕಾನನ ಮೃಗಾಲಯದಲ್ಲಿ ಒಂದು ತಮಾಷೆ ಆಯಿತು. ಅಲ್ಲಿ ಹೆಣ್ಣು ಘರಿಯಲ್‌ಗಳಿದ್ದವು, ಬೆಳೆದ ಗಂಡಿಲ್ಲ. ಘರಿಯಲ್‌ನ ತವರಿನಲ್ಲೇ ವರ ಸಿಗಲಿಲ್ಲ! ಕೊನೆಗೆ ಜರ್ಮನಿಯ ಫ್ರಾಂಕ್‌ಫರ್ಟ್ ಮೃಗಾಲಯದಿಂದ ಒಂದು ಗಂಡನ್ನು ತರಿಸಬೇಕಾಯಿತು. 1980ರಲ್ಲಿ ಅಲ್ಲಿ ಮರಿಗಳಾದವು. ಮನುಷ್ಯರ ಸುಪರ್ದಿಯಲ್ಲಿ ಘರಿಯಲ್ ಮರಿ ಮಾಡಿದ್ದು ಪ್ರಪಂಚದಲ್ಲೇ ಅದು ಮೊದಲು.

ಮೊಟ್ಟೆಗೆ ಕಾವು ಕೊಡುವುದೂ ಸುಮ್ನೆ ಮಾತಲ್ಲ. ಮೊಸಳೆಗಳಲ್ಲಿ ಮರಿ ಗಂಡೋ ಹೆಣ್ಣೋ ಎಂಬುದು ಮೊಟ್ಟೆಯ ಸುತ್ತಲಿನ ಬಿಸಿಯ ಮೇಲೆ ನಿಂತಿದೆ. ಒಂದೆರಡು ಡಿಗ್ರಿ ಆಚೀಚೆಯಾದರೆ ಇಡೀ ಗೂಡು ಹೆಣ್ಣೇ ಆಗಿಬಿಡಬಹುದು. ಗೊತ್ತಿಲ್ಲದವರು ಪೆಟ್ಟಿಗೆಯಲ್ಲಿಟ್ಟು ನೂರು ಮರಿ ಮಾಡಿಸಿ ಖುಷಿಪಟ್ಟರೆ, ಹತ್ತು ವರ್ಷ ಆದ ಮೇಲೆ ಗಂಡು ಎಲ್ಲಿ ಅಂತ ಹುಡುಕಬೇಕಾಗುತ್ತದೆ. ಮೊಟ್ಟೆ ಎತ್ತುವಾಗ ತಿರುಗಿಸಿದರೂ ಕೆಟ್ಟಿತು. ಕೋಳಿಮೊಟ್ಟೆಯ ಹಾಗಲ್ಲ ಇದು. ಒಳಗಿನ ಭ್ರೂಣ ಮೇಲಿನ ಸಿಪ್ಪೆಗೆ ಅಂಟಿಕೊಂಡಿರುತ್ತದೆ. ಆದ್ದರಿಂದ ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಗುರುತು ಮೇಲಿರುವ ಹಾಗೇ ಹೊತ್ತುಕೊಂಡು ಬರುತ್ತಾರೆ.

ಸರಿ, ಮರಿ ಆಯಿತು, ಬೆಳೆಯಿತು. ಮಹಾನದಿಯ ಸಾತ್ಕೋಸಿಯ ಕಮರಿಯಲ್ಲಿ ವರ್ಷ ವರ್ಷ ಬಿಟ್ಟರು. ಒಟ್ಟು 700ರಷ್ಟು. ಆಮೇಲೆ ಎಣಿಸಲು ಹೋದರೆ ಬೆರಳು ಮಡಿಸುವಷ್ಟೂ ಸಿಗಲಿಲ್ಲ.

ಅಲ್ಲಿ ಆದದ್ದು ಇಷ್ಟು. ಜಮೈಕಾದಲ್ಲಿ ಕೊಲ್ಲುತ್ತಿದ್ದದ್ದು ಮುಂಗುಸಿ, ಅದು ಕೊಲ್ಲುವುದು ಚಿಕ್ಕದನ್ನು ಮಾತ್ರ. ಮಹಾನದಿಯಲ್ಲಿ ಕೊಲ್ಲುತ್ತಿದ್ದದ್ದು ನೈಲಾನ್ ಬಲೆ. ಬಲೆಗೆ ಚಿಕ್ಕದು ದೊಡ್ಡದು ಎಂಬ ಭೇದ ಇಲ್ಲ. ಘರಿಯಲ್‌ನ ಮೂತಿಯನ್ನು ನೀವು ನೋಡಿದ್ದೀರಿ. ಹಪ್ಪಳ ಎತ್ತುವ ಇಕ್ಕಳದ ಹಾಗೆ ಉದ್ದ, ಸಪೂರ, ಎರಡೂ ಬದಿ ಸೂಜಿಯಂಥ ನೂರರಷ್ಟು ಹಲ್ಲು. ಮೀನು ಹಿಡಿಯಲು ಅದಕ್ಕಿಂತ ಒಳ್ಳೆಯ ಉಪಕರಣ ಇಲ್ಲ. ಬಲೆಗೆ ಸಿಕ್ಕಿಕೊಳ್ಳಲೂ ಅದಕ್ಕಿಂತ ಒಳ್ಳೆಯದಿಲ್ಲ. ಒಮ್ಮೆ ಸಿಕ್ಕಿದರೆ ಒದ್ದಾಡಿದಷ್ಟೂ ಬಿಗಿಯುತ್ತದೆ. ಮೊಸಳೆಗೂ ಉಸಿರಾಡಲು ಮೇಲೆ ಬರಲೇಬೇಕಲ್ಲ, ಬರಲಾಗದೆ ನೀರಿನಲ್ಲೇ ಸಾಯುತ್ತದೆ. ಜೀವಂತ ಸಿಕ್ಕಿದರೆ, ಸಾವಿರಾರು ರೂಪಾಯಿಯ ಬಲೆ ಉಳಿಸಿಕೊಳ್ಳಲು ಮೀನುಗಾರರು ಮೂತಿಯನ್ನೇ ಕಡಿಯುವುದುಂಟು. ಮೀನುಗಾರರನ್ನು ಬೈದು ಪ್ರಯೋಜನ ಇಲ್ಲ. ಅವರದ್ದೂ ಹೊಟ್ಟೆಪಾಡು.

ಇದರ ಮೇಲೆ ಹಿರಾಕುಡ್ ಅಣೆಕಟ್ಟಿನಿಂದ ನೀರು ಬಿಟ್ಟಾಗ ಏರಿಳಿಯುವ ಹೊಳೆ, ಅಗೆದುಹೋಗುವ ಮರಳು. ಘರಿಯಲ್ ಮೊಟ್ಟೆ ಇಡುವುದು ಎತ್ತರದ ಮರಳ ದಂಡೆಯಲ್ಲಿ. ಮರಳು ಲಾರಿ ಹತ್ತಿದರೆ ಗೂಡು ಎಲ್ಲಿ? ಸಸಿ ಚೆನ್ನಾಗೇ ಇತ್ತು. ನಾಟಿ ಮಾಡಲು ಗದ್ದೆ ಇರಲಿಲ್ಲ.

ಚಂಬಲ್‌ನಲ್ಲಿ ಗದ್ದೆ ಇತ್ತು. 1979ರಲ್ಲಿ ಅಭಯಾರಣ್ಯ ಆಯಿತು, ಮೂರು ರಾಜ್ಯಕ್ಕೆ ಹಬ್ಬಿದ ಉದ್ದನೆಯ ಹೊಳೆ. ನೀರು ತಿಳಿ, ದಂಡೆಯ ಉದ್ದಕ್ಕೂ ಮರಳು. ಡಕಾಯಿತರ ಭಯದಿಂದ ಜನ ಆ ಕಡೆ ಸುಳಿಯುತ್ತಿರಲಿಲ್ಲ ಎಂಬ ಮಾತೂ ಇದೆ. ಇಂದು ಪ್ರಪಂಚದ ಘರಿಯಲ್‌ಗಳಲ್ಲಿ ಹೆಚ್ಚಿನ ಪಾಲು ಇರುವುದು ಅಲ್ಲೇ.

ಹಾಗಂತ ಅಲ್ಲೂ ಎಲ್ಲ ಸಲೀಸಾಗಲಿಲ್ಲ. 1991ರ ಹೊತ್ತಿಗೆ ಕೆಲಸ ಮುಗಿಯಿತು ಎಂದು ಕೇಂದ್ರದ ಹಣ ನಿಂತಿತು. ಬಿಟ್ಟ ಮರಿಗಳಲ್ಲಿ ಎಷ್ಟು ಬದುಕಿವೆ ಎಂದು ಸರಿಯಾಗಿ ಬೆನ್ನುಹತ್ತಿದವರೂ ಇರಲಿಲ್ಲ. 1997ರಲ್ಲಿ ಎಲ್ಲ ಕಡೆ ಸೇರಿ ಬೆಳೆದ ಘರಿಯಲ್‌ಗಳು 436 ಇದ್ದದ್ದು 2006ಕ್ಕೆ 182ಕ್ಕೆ ಇಳಿದಿತ್ತು. ಅದರ ಮೇಲೆ 2007-08ರ ಚಳಿಗಾಲದಲ್ಲಿ ಚಂಬಲ್‌ನಲ್ಲಿ ನೂರಕ್ಕೂ ಹೆಚ್ಚು ಸತ್ತು ತೇಲಿದವು. ಸೀಳಿ ನೋಡಿದರೆ ಮೂತ್ರಪಿಂಡ ಕೆಟ್ಟು ಮೈತುಂಬಾ ಗೌಟ್. ನಮ್ಮಲ್ಲಿ ಅಜ್ಜಂದಿರ ಹೆಬ್ಬೆರಳು ಊದುತ್ತದಲ್ಲ, ಅದೇ ಗೌಟ್. ಸರೀಸೃಪಗಳ ವೈದ್ಯ ಗೊತ್ತಿದ್ದವರು ಹಲವು ದೇಶಗಳಿಂದ ಓಡಿಬಂದರು. ತೊಟ್ಟಿಯ ಮೊಸಳೆಯ ಆರೋಗ್ಯ ಹೇಗಿರುತ್ತದೆ ಎಂಬ ಅರಿವು ಇಲ್ಲದಿದ್ದರೆ ಹೊಳೆಯ ಮೊಸಳೆ ಯಾಕೆ ಸತ್ತಿತು ಎಂದು ಹೇಳುವುದು ಕಷ್ಟ. ಮೃಗಾಲಯಗಳ ದಿನಚರಿ ಪುಸ್ತಕಗಳು ಇಂಥ ಹೊತ್ತಿನಲ್ಲಿ ಬೆಲೆ ಬಾಳುತ್ತವೆ.

ಆಮೇಲೆ ಮೊಸಳೆಗಳ ಬಾಲಕ್ಕೆ ರೇಡಿಯೋ ಕಟ್ಟಿ ಬೆನ್ನುಹತ್ತಿದಾಗ, ಅವು ಮಳೆಗಾಲದಲ್ಲಿ ಎಷ್ಟೋ ಕಿಲೋಮೀಟರ್ ದೂರ ಹೋಗಿ ಬೇಸಿಗೆಗೆ ಮೊಟ್ಟೆಯ ಜಾಗಕ್ಕೆ ವಾಪಸ್ ಬರುವುದು ಗೊತ್ತಾಯಿತು. ದೊಡ್ಡ ಗಂಡೊಂದು ನೂರಾರು ಮರಿಗಳ ಹಿಂಡನ್ನು ಕಾಯುವುದೂ, ಅವು ಅಪ್ಪನ ಬೆನ್ನ ಮೇಲೆ ಹತ್ತಿ ಕೂರುವುದೂ ಕಂಡಿತು. ನಾವು ಮರಿಗಳನ್ನು ಎತ್ತಿ ತಂದು ತೊಟ್ಟಿಗೆ ಹಾಕುವಾಗ ಆ ಅಪ್ಪನ ಲೆಕ್ಕ ಇಟ್ಟಿರಲಿಲ್ಲ.

ಮಹಾನದಿಯನ್ನು ಒಡಿಶಾದವರು ಕೈಬಿಟ್ಟಿಲ್ಲ. 2019ರಿಂದ ನಂದನಕಾನನದಲ್ಲಿ ಬೆಳೆದ ಕೆಲವನ್ನು ಮತ್ತೆ ಸಾತ್ಕೋಸಿಯದಲ್ಲಿ ಬಿಟ್ಟರು. ಈ ಸಲ ರೇಡಿಯೋ ಕಟ್ಟಿ, ದೋಣಿಯಲ್ಲಿ ಹಿಂದೆ ಹೋಗಿ ನೋಡುತ್ತಾ. ಕೆಲವು ಮತ್ತೆ ಬಲೆಗೆ ಸಿಕ್ಕಿ ಸತ್ತವು. ಬಲೆ ಕತ್ತರಿಸಿ ಘರಿಯಲ್ ಬಿಡಿಸಿದ ಮೀನುಗಾರನಿಗೆ ಬಹುಮಾನ, ಹಾಳಾದ ಬಲೆಗೆ ಪರಿಹಾರ ಎಂದು ಸರ್ಕಾರ ಹೇಳಿತು. ಇದೇ ನನಗೆ ಎಲ್ಲಕ್ಕಿಂತ ಮುಖ್ಯ ಬದಲಾವಣೆ ಎನಿಸುತ್ತದೆ, ಹೊಸ ತೊಟ್ಟಿ ಕಟ್ಟಿದ್ದಕ್ಕಿಂತ. 2021ರಲ್ಲಿ ಸಾತ್ಕೋಸಿಯದ ಮರಳಿನಲ್ಲಿ ತಾನಾಗಿಯೇ ಇಟ್ಟ ಮೊಟ್ಟೆಗಳಿಂದ 28 ಮರಿಗಳು ಹೊರಬಂದವು. ಆ ಹೊಳೆಯಲ್ಲಿ 40 ವರ್ಷದ ಮೇಲೆ ಮೊದಲ ಸಲ. ಆದರೆ ಹೆಣ್ಣು ಮೊಟ್ಟೆ ಇಡುವ ವಯಸ್ಸಿಗೆ ಬರಲು ಎಂಟು ಹತ್ತು ವರ್ಷ ಬೇಕು. ಆ ಮರಿಗಳ ಫಲಿತಾಂಶ ಇನ್ನೂ ಬಂದಿಲ್ಲ.

ಇನ್ನು ಮೈಸೂರಿನಲ್ಲಿರುವುದನ್ನು ಯಾಕೆ ನಮ್ಮ ಹೊಳೆಗೆ ಬಿಡುವುದಿಲ್ಲ ಎಂಬ ಪ್ರಶ್ನೆ. ಕಾವೇರಿ ಘರಿಯಲ್‌ನ ಹೊಳೆ ಅಲ್ಲ. ಅದು ಗಂಗಾ, ಬ್ರಹ್ಮಪುತ್ರ, ಮಹಾನದಿ, ಸಿಂಧೂ ಕಡೆಯದ್ದು. ಇಲ್ಲದ ಕಡೆ ಹೊಸ ಪ್ರಾಣಿ ಬಿಡುವುದು ಎಸ್ಪ್ಯೂಟ್ ಮಾಡಿದ ಕೆಲಸವೇ ಆಗುತ್ತದೆ. ಉತ್ತರದ ನದಿಗಳಿಗೆ ಕಳಿಸುವುದಾದರೂ ಯಾವುದೇ ಮೃಗಾಲಯ ತನ್ನಷ್ಟಕ್ಕೆ ನಿರ್ಧರಿಸುವಂತಿಲ್ಲ, ವನ್ಯಜೀವಿ ಕಾಯ್ದೆಯಡಿ ಒಪ್ಪಿಗೆ ಬೇಕು. ನಮ್ಮ ರಂಗನತಿಟ್ಟಿನಲ್ಲಿ, ದಾಂಡೇಲಿಯ ಕಾಳಿ ಹೊಳೆಯಲ್ಲಿ ಇರುವುದು ಬೇರೆ ಜಾತಿ, ಮಗ್ಗರ್. ಅದನ್ನು ಸಾಕಿ ಬಿಡುವ ಅಗತ್ಯವೇ ಇಲ್ಲ. ಮದ್ರಾಸಿನ ಮೊಸಳೆ ಬ್ಯಾಂಕ್‌ನಲ್ಲಿ ಮಗ್ಗರ್‌ಗಳು ಎಷ್ಟು ಮರಿ ಹಾಕಿದವು ಅಂದರೆ ಬಿಡಲು ಜಾಗ ಸಿಗದೆ, ತೊಟ್ಟಿಗಳೆಲ್ಲ ತುಂಬಿಹೋದವು. ಮರಿ ಮಾಡಿಸುವುದು ಅಷ್ಟು ಸುಲಭ, ನೋಡಿ.

ಆ ಗಂಟಿನ ವಿಷಯ. ಕಾಯಿಲೆ ಅಲ್ಲ, ಗಾಬರಿ ಬೇಡ. ಉತ್ತರದವರು ಮಣ್ಣಿನ ಗಡಿಗೆಗೆ ಘಡಾ ಅನ್ನುತ್ತಾರೆ. ಮೂಗಿನ ಮೇಲೆ ಗಡಿಗೆ ಬೋರಲು ಹಾಕಿದ ಹಾಗೆ ಕಾಣುವುದರಿಂದಲೇ ಇದಕ್ಕೆ ಘರಿಯಲ್ ಎಂಬ ಹೆಸರು. ಬರುವುದು ಗಂಡಿಗೆ ಮಾತ್ರ, ಅದೂ ಚೆನ್ನಾಗಿ ಬೆಳೆದ ಮೇಲೆ. ಉಸಿರು ಬಿಡುವಾಗ ಆ ಗಂಟಿನಿಂದ ಬುಸ್ ಎಂಬ ಸದ್ದು ಬರುತ್ತದೆ, ಹೆಣ್ಣನ್ನು ಕರೆಯಲು, ಬೇರೆ ಗಂಡುಗಳನ್ನು ದೂರ ಇಡಲು. ಮುಂದಿನ ಸಲ ಹೋದಾಗ ಮಗಳಿಗೆ ಬೆಳಿಗ್ಗೆ ಬೇಗ, ಜನ ಕಡಿಮೆ ಇರುವಾಗ ನಿಂತು ಕೇಳಲು ಹೇಳಿ.